ಹಾರುಬೂದಿ ಇಟ್ಟಿಗೆ: ಗೋಡೆ ಗಟ್ಟಿ, ತಂಪಿನ ಮಾತು ಸುಳ್ಳು

ಕಲಬುರಗಿಯ ಹೊರವಲಯದಲ್ಲಿ 2018ರಲ್ಲಿ ಕಟ್ಟಿಸಿದ ನಮ್ಮ ಮನೆಯ ಗೋಡೆಗಳೆಲ್ಲ ಹಾರುಬೂದಿ ಇಟ್ಟಿಗೆಯವು. ತಳಪಾಯ ಮಾತ್ರ ಕಲ್ಲಿನದು. ಎರೆಮಣ್ಣಿನ ನೆಲದಲ್ಲಿ ಹೊಸ ಪ್ರಯೋಗ ಬೇಡವೆಂದು ಗೌಂಡಿ ಪಟ್ಟು ಹಿಡಿದಿದ್ದರು.

ಹಾರುಬೂದಿ ಎಂದರೆ ಒಲೆಯ ಬೂದಿಯಲ್ಲ. ಶಾಖೋತ್ಪನ್ನ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದಾಗ ಹೊಗೆಯ ಜೊತೆ ಏಳುವ ನಯವಾದ ಪುಡಿ. ರಾಯಚೂರಿನ ಶಕ್ತಿನಗರದ ಸ್ಥಾವರದಲ್ಲಿ ಇದರ ರಾಶಿಯೇ ಇದೆ. ಅದಕ್ಕೆ ಸುಣ್ಣ ಅಥವಾ ಸಿಮೆಂಟ್, ಜಿಪ್ಸಂ, ಕ್ರಷರಿನ ಕಲ್ಲುಪುಡಿ ಬೆರೆಸಿ ಯಂತ್ರದಲ್ಲಿ ಒತ್ತುತ್ತಾರೆ. ಭಟ್ಟಿಯ ಉರಿಯಿಲ್ಲ, ಹೊಲದ ಮೇಲ್ಮಣ್ಣು ಬಗೆಯುವುದೂ ಇಲ್ಲ. ಆದರೆ ಬೂದಿಯಲ್ಲಿರುವ ಸಿಲಿಕಾ ಸುಣ್ಣದೊಡನೆ ಕೂಡಿ ಗಟ್ಟಿಯಾಗಲು ಎರಡು ಮೂರು ವಾರ ತೇವ ಬೇಕು. ತಕರಾರು ಹುಟ್ಟುವುದು ಇಲ್ಲಿಯೇ.

ನಮಗೆ ಬಂದ ಮೊದಲ ಲೋಡ್ ಬಡಿದರೆ ಖಣಖಣ ಎನ್ನುತ್ತಿತ್ತು. ಬೇಸಿಗೆಯಲ್ಲಿ ಬಂದದ್ದರ ಮೂಲೆಗಳು ಇಳಿಸುವಾಗಲೇ ಉದುರಿದವು. ಉಗುರಿನಿಂದ ಗೀರಿದರೆ ಪುಡಿ. ನೀರಿಲ್ಲವೆಂದು ಕ್ಯೂರಿಂಗ್, ಅಂದರೆ ತೇವ ಕೊಡುವುದನ್ನು, ಅರ್ಧಕ್ಕೇ ನಿಲ್ಲಿಸಿದ್ದಾಗಿ ಪೂರೈಕೆದಾರರೇ ಒಪ್ಪಿಕೊಂಡರು. ಗೌಂಡಿ ಲಾರಿಯನ್ನು ಹಾಗೆಯೇ ತಿರುಗಿಸಿ ಕಳಿಸಿದರು. ಅವರಿಗೆ ಕೊಟ್ಟ ಕೂಲಿ ಅಂದೇ ವಸೂಲಾಯಿತು.

ಎಲ್ಲ ಇಟ್ಟಿಗೆಗಳ ಅಳತೆ ಒಂದೇ ಆದ್ದರಿಂದ ಗಿಲಾವು ತೆಳುವಾಗಿ ಸಾಕಾಯಿತು, ಸಿಮೆಂಟ್ ಮತ್ತು ಉಸುಕು ಉಳಿದವು. ಕಟ್ಟುವ ಮೊದಲು ಸುಟ್ಟ ಇಟ್ಟಿಗೆಯಂತೆ ಇವನ್ನು ನೆನೆಹಾಕಬಾರದು, ನೀರು ಚಿಮುಕಿಸಿದರೆ ಸಾಕು. ಇಷ್ಟು ಮಳೆಗಾಲ ಕಳೆದರೂ ಗೋಡೆಯಲ್ಲಿ ಉಪ್ಪು ಎದ್ದಿಲ್ಲ. ಕಾಂಕ್ರೀಟ್ ಕಂಬಕ್ಕೆ ಗೋಡೆ ಕೂಡುವಲ್ಲಿ ಮಾತ್ರ ಒಂದೆರಡು ಕೂದಲೆಳೆಯ ಬಿರುಕುಗಳಿವೆ. ಗಿಲಾವಿನಡಿ ಜಾಲರಿ ಹಾಕಿದ ಕಡೆ ಅವೂ ಇಲ್ಲ. ಮೊಳೆ ಹೊಡೆಯುವುದಂತೂ ಆಗದ ಮಾತು. ಒಂದು ಕ್ಯಾಲೆಂಡರ್ ತೂಗುಹಾಕಲೂ ಡ್ರಿಲ್ ಬೇಕು.

ಮನೆ ತಂಪಾಗಿರುತ್ತದೆ ಎಂದು ಮಾರುವವರು ಮೇ ತಿಂಗಳಿನಲ್ಲಿ ನಮ್ಮ ಮನೆಗೆ ಬಂದು ಅದನ್ನೇ ಹೇಳಲಿ. ಇಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಸೆಕೆ ಮನೆಯೊಳಗೆ ಬರುವುದು ಮಾಳಿಗೆಯ ಕಾಂಕ್ರೀಟಿನಿಂದ. ಅದಕ್ಕೆ ಇಟ್ಟಿಗೆ ಏನು ಮಾಡೀತು? ದಪ್ಪ ಶಹಾಬಾದ್ ಕಲ್ಲಿನ ಗೋಡೆಯ ನಮ್ಮ ಹಳೆಯ ಮನೆಯೇ ಹೆಚ್ಚು ತಂಪು.

ಆದರೂ ಮೇಲೆ ಕೋಣೆ ಕಟ್ಟಿಸುವಾಗಲೂ ಹಾರುಬೂದಿ ಇಟ್ಟಿಗೆಯನ್ನೇ ತರಿಸುತ್ತೇನೆ. ಮುಂಗಡ ಕೊಡುವ ಮೊದಲು ಒಣ ಇಟ್ಟಿಗೆಯೊಂದನ್ನು ತೂಗಿ, 24 ಗಂಟೆ ನೀರಿನಲ್ಲಿಟ್ಟು ಮತ್ತೆ ತೂಗಿ. ತೂಕ ಶೇಕಡಾ 20ಕ್ಕಿಂತ ಹೆಚ್ಚು ಏರಿದರೆ ಬೇರೆ ಅಂಗಡಿ ನೋಡಿ.