ಶಿರಾಡಿ ಘಾಟಿ ಇಳಿದು ಬಂದ ಬೆಕ್ಕಿನ ಡಬ್ಬ: ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಬೆಕ್ಕನ್ನು ಕಾರಿನಲ್ಲಿ ಕರೆದೊಯ್ಯುವ ಈ ಡಬ್ಬ ನೋಡೋಕೆ ಚೆನ್ನಾಗಿಲ್ಲ. ಬೂದು ಬಣ್ಣದ ಗಟ್ಟಿ ಪ್ಲಾಸ್ಟಿಕ್, ಮುಂದೆ ಕಂಬಿ ಬಾಗಿಲು, ನೆತ್ತಿಯ ಮೇಲೆ ಇನ್ನೊಂದು ಬಾಗಿಲು, ಸುತ್ತ ಗಾಳಿಯಾಡುವ ಕಿಂಡಿಗಳು, ಅಷ್ಟೇ. ಫೋಟೋ ತೆಗೆದು ಹಾಕಿದರೆ ಒಂದು ಲೈಕೂ ಬರಲ್ಲ. ಆದರೆ ಹಬ್ಬಕ್ಕೂ ಬೇಸಿಗೆ ರಜಕ್ಕೂ ಬೆಂಗಳೂರಿನಿಂದ ಪುತ್ತೂರಿಗೆ ಹೋಗಲೇಬೇಕಾದ, ಪ್ರತಿ ಸಲ ಪಕ್ಕದ ಮನೆಯವರ ಕೈಗೆ ಬೀಗ ಕೊಟ್ಟು 'ಬೆಕ್ಕಿಗೆ ಸ್ವಲ್ಪ ಊಟ ಹಾಕಿ ಆಂಟಿ' ಅನ್ನೋಕೆ ಸಂಕೋಚ ಆಗುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆ ಸಾಮಾನು ನಾನಂತೂ ನೋಡಿಲ್ಲ.

ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ಬರೆದರೂ ಪ್ರಯೋಜನ ಇಲ್ಲ, ಯಾಕೆಂದರೆ ಒಂದೇ ಅಚ್ಚಿನ ಡಬ್ಬ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಆನ್‌ಲೈನಲ್ಲೂ ಪೆಟ್ ಶಾಪಲ್ಲೂ ಸಿಗುತ್ತದೆ. ಗುರುತು ಹೇಳುತ್ತೇನೆ: ಸುಮಾರು 48 ಸೆಂಟಿಮೀಟರ್ ಉದ್ದ, 32 ಅಗಲ, 30 ಎತ್ತರ. ಬೆಲೆ ಎರಡೂವರೆ ಸಾವಿರದ ಒಳಗೆ. ಮೇಲಿನ ಬಾಗಿಲು ಇಲ್ಲದ ಮಾದರಿ ಐನೂರು ರೂಪಾಯಿ ಕಡಿಮೆಗೆ ಸಿಗುತ್ತದೆ, ಅದನ್ನು ಮಾತ್ರ ತಗೋಬೇಡಿ.

ಯಾಕೆ ಅಂದರೆ, ಬೆಕ್ಕನ್ನು ಮುಂದಿನ ಬಾಗಿಲಿನಿಂದ ಒಳಗೆ ಹಾಕಿ ನೋಡಿದವರಿಗೆ ಗೊತ್ತು. ಕೊಡೆ ಬಿಚ್ಚಿದ ಹಾಗೆ ನಾಲ್ಕೂ ಕಾಲು ಅಗಲಿಸಿ ಬಾಗಿಲಿಗೆ ಅಡ್ಡ ನಿಂತುಬಿಡುತ್ತದೆ. ನಮ್ಮ ಬೋಂಡ ಅಂತೂ ಐದು ಕಿಲೋ ದಾಟಿದ ಕೆಂಚು ಗಂಡುಬೆಕ್ಕು, ಒಂದು ಕಾಲು ಒಳಗೆ ಸೇರಿಸುವಷ್ಟರಲ್ಲಿ ಇನ್ನೊಂದು ಕಾಲು ನನ್ನ ಕೈಯ ಚರ್ಮದಲ್ಲಿ ಇರುತ್ತದೆ. ಮೇಲಿನ ಬಾಗಿಲಿದ್ದರೆ ಟವೆಲ್ಲಿನಲ್ಲಿ ಸುತ್ತಿ, ಹಿಂಗಾಲು ಮೊದಲು ಇಳಿಯುವ ಹಾಗೆ ಮೆಲ್ಲಗೆ ಬಿಟ್ಟು, ಬಾಗಿಲು ಹಾಕಿ ಟವೆಲ್ ಒಳಗೇ ಬಿಟ್ಟರೆ ಮುಗೀತು. ನಮ್ಮ ಇನ್ನೊಂದು ಬೆಕ್ಕು ಚಿನ್ನಿಗೆ ಅದೂ ಬೇಕಿಲ್ಲ, ಅವಳೇ ಹೋಗಿ ಕೂರುತ್ತಾಳೆ. ಡಬ್ಬ ನಮ್ಮ ಹಾಲಿನಲ್ಲಿ ಟಿವಿ ಸ್ಟ್ಯಾಂಡ್ ಪಕ್ಕ ವರ್ಷವಿಡೀ ಬಾಗಿಲು ತೆಗೆದೇ ಇರುತ್ತದೆ, ಅವಳ ಮಧ್ಯಾಹ್ನದ ನಿದ್ದೆ ಅಲ್ಲೇ. ಹೊರಡುವ ದಿನ ಮಾತ್ರ ಇದನ್ನು ಅಟ್ಟದಿಂದ ಇಳಿಸಿದರೆ ಡಬ್ಬದ ಸದ್ದಿಗೇ ಬೆಕ್ಕು ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಆಮೇಲೆ ಪೊರಕೆ ಹಿಡಿದು ಹೊರಡಿಸೋದು ನಿಮ್ಮ ಹಣೆಬರಹ.

ಈಗ ಆ ಚಂದದ ಬ್ಯಾಗಿನ ವಿಷಯ. ಬೆನ್ನಿಗೆ ಹಾಕಿಕೊಳ್ಳೋದು, ಮುಂದೆ ಗಾಜಿನ ಥರದ ಗುಮ್ಮಟ, ಅದರೊಳಗಿಂದ ಬೆಕ್ಕು ಇಣುಕುತ್ತದೆ, ನೀವೂ ನೋಡಿರುತ್ತೀರಿ ಅಲ್ವಾ. ನಾದಿನಿ ಪ್ರೀತಿಯಿಂದ ಗಿಫ್ಟ್ ಕೊಟ್ಟಿದ್ದಳು. ಮನೆಯಿಂದ ಡಾಕ್ಟರ್ ಹತ್ತಿರ ಆಟೋದಲ್ಲಿ ಹತ್ತು ನಿಮಿಷ ಹೋಗೋಕೆ ಅಡ್ಡಿ ಇಲ್ಲ. ಕಾರಿನಲ್ಲಿ ಅದರ ಕಥೆಯೇ ಬೇರೆ. ಕಿಟಕಿಯಿಂದ ಬಿಸಿಲು ನೇರ ಆ ಪ್ಲಾಸ್ಟಿಕ್ ಗುಮ್ಮಟಕ್ಕೆ ಹೊಡೆಯುತ್ತದೆ, ಒಳಗಿನ ಬಿಸಿ ಆಚೆ ಹೋಗೋಕೆ ನಾಲ್ಕು ತೂತು ಬಿಟ್ಟರೆ ದಾರಿ ಇಲ್ಲ, ಮುಂದಿನ ಸೀಟಿನ ಏಸಿ ಗಾಳಿ ಅಲ್ಲಿಗೆ ತಲುಪುವುದೂ ಇಲ್ಲ. ಬೆಕ್ಕು ನಮ್ಮ ಥರ ಮೈಯೆಲ್ಲ ಬೆವರಲ್ಲ, ಪಾದದಡಿಯಲ್ಲಿ ಒಂಚೂರು ಬೆವರುತ್ತದೆ ಅಷ್ಟೇ. ನಾಯಿ ಬಾಯಿ ತೆಗೆದು ತೇಕಿದರೆ ಮಾಮೂಲು, ಬೆಕ್ಕು ಹಾಗೆ ತೇಕಿದರೆ ಭಯ ಜಾಸ್ತಿ ಆಗಿದೆ ಅಥವಾ ಸೆಖೆ ತಡೆಯೋಕೆ ಆಗ್ತಿಲ್ಲ ಅಂತ ಅರ್ಥ. ಮೇಲಾಗಿ ಆ ಬ್ಯಾಗಿನಲ್ಲಿ ಅದು ಕೈಕಾಲು ಚಾಚಿ ಮಲಗೋಕೆ ಆಗಲ್ಲ. ಏಳೆಂಟು ಗಂಟೆ ಮುದುಡಿ ಕೂರಬೇಕು. ಬೆಕ್ಕಿಗೆ ಹೊರಗಿನ ಸೀನರಿ ಬೇಕು ಅಂತ ಯಾರು ಹೇಳಿದರೋ! ಹೆದರಿದ ಬೆಕ್ಕಿಗೆ ಬೇಕಿರೋದು ಅಡಗಿಕೊಳ್ಳೋಕೆ ಒಂದು ಕತ್ತಲೆ ಮೂಲೆ. ನಮ್ಮ ಡಬ್ಬದ ಮೇಲೆ ಅತ್ತೆಯ ಹಳೇ ಬೈರಾಸು, ಅಂದರೆ ತೆಳ್ಳನೆ ಟವೆಲ್, ಹೊದಿಸುತ್ತೇವೆ, ಏಸಿ ಗಾಳಿ ಬರುವ ಒಂದು ಪಕ್ಕ ಮಾತ್ರ ಬಿಟ್ಟು. ಹೊದಿಸಿದ ಐದು ನಿಮಿಷಕ್ಕೆ ಬೋಂಡನ ಕೂಗು ಅರ್ಧಕ್ಕಿಳಿಯುತ್ತದೆ.

ನೆಲಮಂಗಲ ದಾಟಿ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ. ಅಲ್ಲಿತನಕ ಯಾವ ಕ್ಯಾರಿಯರ್ ಆದರೂ ಪಾಸು. ರಸ್ತೆ ನೆಟ್ಟಗಿದೆ, ಕೂಗಿ ಕೂಗಿ ಸುಸ್ತಾಗಿ ಮಲಗುತ್ತವೆ. ಪರೀಕ್ಷೆ ಶುರುವಾಗೋದು ಸಕಲೇಶಪುರ ಆದಮೇಲೆ. ದೋಣಿಗಾಲಿನಿಂದ ಗುಂಡ್ಯದವರೆಗೆ ತಿರುವಿನ ಮೇಲೆ ತಿರುವು, ಮುಂದೆ ಗ್ಯಾಸ್ ಟ್ಯಾಂಕರ್, ಒಂದು ಸಲ ಬ್ರೇಕು ಒಂದು ಸಲ ಆಕ್ಸಿಲರೇಟರ್. ಬೆಕ್ಕಿಗೆ ವಾಂತಿ ಬರುವ ಮುಂಚೆ ಸೂಚನೆ ಕೊಡುತ್ತದೆ. ಕೂಗೋದು ಇದ್ದಕ್ಕಿದ್ದಂತೆ ನಿಲ್ಲುತ್ತದೆ. ತುಟಿ ನೆಕ್ಕಿಕೊಳ್ಳುತ್ತದೆ, ನುಂಗುತ್ತದೆ, ಮತ್ತೆ ನೆಕ್ಕಿಕೊಳ್ಳುತ್ತದೆ. ಆಮೇಲೆ ಗದ್ದದಿಂದ ಜೊಲ್ಲು ಸಣ್ಣ ದಾರವಾಗಿ ಇಳಿದು ಕಂಬಿಗೆ ಅಂಟುತ್ತದೆ, ಹೊಟ್ಟೆ ಒಳಕ್ಕೆ ಒತ್ತಿ ಒತ್ತಿ ಬರುತ್ತದೆ, ಅಷ್ಟರಲ್ಲಿ ಮುಗೀತು.

ಈ ಡಬ್ಬಕ್ಕೆ ನಾನು ಪೂರ್ತಿ ಮಾರ್ಕ್ಸ್ ಕೊಡೋದು ಇಲ್ಲಿ. ಹೊರಡುವಾಗ ತಳಕ್ಕೆ ಒದ್ದೆ ಹೀರಿಕೊಳ್ಳುವ ಒಂದು ಪೀ ಪ್ಯಾಡ್, ಮೇಲೆ ಟವೆಲ್, ಅದರ ಮೇಲೆ ಮತ್ತೆ ಪ್ಯಾಡ್, ಮತ್ತೆ ಟವೆಲ್, ಹೀಗೆ ಎರಡು ಪದರ ಹಾಸಿರುತ್ತೇವೆ. ಗಾಡಿ ಪಕ್ಕಕ್ಕೆ ಹಾಕಿ, ಕಾರಿನ ಬಾಗಿಲು ಕಿಟಕಿ ಎಲ್ಲ ಮುಚ್ಚಿದೆಯಾ ಅಂತ ನೋಡಿಕೊಂಡು, ಡಬ್ಬ ತೊಡೆ ಮೇಲಿಟ್ಟು, ಮೇಲಿನ ಬಾಗಿಲನ್ನು ಕೈ ಹೋಗುವಷ್ಟು ಮಾತ್ರ ತೆಗೆದು ಮೇಲಿನ ಪದರ ಎಳೆದು ಕವರಿಗೆ ಹಾಕಿದರೆ ಕೆಳಗೆ ಒಣಗಿದ ಹಾಸಿಗೆ ರೆಡಿ. ಬೆಕ್ಕನ್ನು ಹೊರಗೆ ತೆಗೆಯೋದೇ ಬೇಡ. ಬಟ್ಟೆಯ ಬ್ಯಾಗಾಗಿದ್ದರೆ ವಾಂತಿ ಹೊಲಿಗೆಯೊಳಗೆ ಇಳಿದು ಪುತ್ತೂರಿನ ತನಕ ಕಾರು ನಾರುತ್ತಿತ್ತು. ಊರಿಗೆ ಹೋದಮೇಲೆ ಡಬ್ಬ ಎರಡು ಭಾಗ ಮಾಡಿ ಬಾವಿಕಟ್ಟೆ ಹತ್ತಿರ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಬಿಸಿಲಿಗಿಟ್ಟರೆ ಹೊಸದರ ಹಾಗೆ. ಫಿನಾಯಿಲ್ ಹಾಕಬೇಡಿ, ಅದು ಬೆಕ್ಕಿಗೆ ವಿಷ. ಪಾದಕ್ಕೆ ಅಂಟಿದ್ದನ್ನು ನೆಕ್ಕಿಯೇ ನೆಕ್ಕುತ್ತವೆ.

ಎರಡು ಭಾಗ ಆಗೋದರಿಂದ ಇನ್ನೊಂದು ಲಾಭ ಡಾಕ್ಟರ್ ಹತ್ತಿರ. ಟೇಬಲ್ ಮೇಲಿಟ್ಟು ಮೇಲಿನ ಅರ್ಧ ಕಳಚಿದರೆ ಬೆಕ್ಕು ತನ್ನ ಟವೆಲ್ ಮೇಲೆ ಕೆಳಗಿನ ಅರ್ಧದಲ್ಲೇ ಕೂತಿರುತ್ತದೆ. ಅಲ್ಲೇ ಜ್ವರ ನೋಡುತ್ತಾರೆ, ಅಲ್ಲೇ ಇಂಜೆಕ್ಷನ್.

ಇನ್ನು ಬೈಗುಳ. ಎರಡು ಭಾಗ ಸೇರಿಸುವ ಪ್ಲಾಸ್ಟಿಕ್ ಕ್ಲಿಪ್ಪುಗಳು ದಂಡ. ಬೋಂಡನ ತೂಕಕ್ಕೆ ಹಿಡಿ ಹಿಡಿದು ಎತ್ತಿದಾಗ ಒಂದು ಕ್ಲಿಪ್ಪು ಟಪ್ ಅಂತ ಬಿರುಕು ಬಿಟ್ಟಿತು. ಮಾರಿದವರಿಗೆ ಫೋಟೋ ಕಳಿಸಿದರೆ 'ನಿಮ್ಮ ಪೆಟ್ ಕಚ್ಚಿರಬೇಕು ಮೇಡಂ' ಅಂತ ಉತ್ತರ. ಬೆಕ್ಕು ಹೊರಗಿನ ಕ್ಲಿಪ್ಪನ್ನು ಒಳಗೆ ಕೂತು ಹೇಗೆ ಕಚ್ಚುತ್ತದೋ ಅವರೇ ಹೇಳಬೇಕು. ಹಾರ್ಡ್‌ವೇರ್ ಅಂಗಡಿಯ ಕೇಬಲ್ ಟೈ ತಂದು ಸುತ್ತಲೂ ಬಿಗಿದ ಮೇಲೆ ತೊಂದರೆ ಇಲ್ಲ, ತೊಳೆಯುವಾಗ ಕತ್ತರಿಸಿ ಹೊಸದು ಹಾಕಿದರಾಯಿತು. ಆದರೂ ಹಿಡಿ ನಂಬಬೇಡಿ, ತಳಕ್ಕೆ ಒಂದು ಕೈ ಕೊಟ್ಟೇ ಎತ್ತಿ. ಜೊತೆಗೆ ಕೊಡುವ ತೆಳ್ಳನೆ ಹಾಸು ಏನಕ್ಕೂ ಬರಲ್ಲ, ಒರೆಸುವ ಬಟ್ಟೆ ಮಾಡಿಕೊಂಡಿದ್ದೇವೆ.

ಕಾರಿನಲ್ಲಿ ಎಲ್ಲಿಡಬೇಕು? ಮುಂದಿನ ಸೀಟಿನ ಹಿಂದೆ, ಕೆಳಗೆ, ಕಾಲಿಡುವ ಜಾಗದಲ್ಲಿ. ಡಬ್ಬ ಅಡ್ಡಕ್ಕಿಟ್ಟು ಸೀಟನ್ನು ಅಲ್ಲಾಡದ ಹಾಗೆ ಹಿಂದಕ್ಕೆ ಒತ್ತಿ. ಎಲ್ಲರೂ ಹಿಂದಿನ ಸೀಟಿನ ಮೇಲಿಟ್ಟು ಬೆಲ್ಟ್ ಸುತ್ತುತ್ತಾರೆ. ಆದರೆ ಇಂಥ ಕ್ಯಾರಿಯರ್‌ಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡುವ ಅಮೆರಿಕದ ಸೆಂಟರ್ ಫಾರ್ ಪೆಟ್ ಸೇಫ್ಟಿ ಎನ್ನುವ ಸಂಸ್ಥೆ ಹೇಳೋದೇ ಬೇರೆ: ಕಂಪನಿಯವರು ಬೆಲ್ಟಿನೊಂದಿಗೆ ಪರೀಕ್ಷಿಸಿರದ ಡಬ್ಬಕ್ಕೆ ಬೆಲ್ಟ್ ಸುತ್ತಿದರೆ ಡಿಕ್ಕಿಯಾದಾಗ ಆ ಬೆಲ್ಟೇ ಡಬ್ಬವನ್ನು ಹಿಸುಕಬಹುದು, ನೆಲವೇ ವಾಸಿ. ನಮ್ಮದು ಸಣ್ಣ ಕಾರು. ಎರಡೂ ಕಡೆ ಒಂದೊಂದು ಡಬ್ಬ ಇಟ್ಟಮೇಲೆ ಹಿಂದೆ ಕೂರುವವರು ಪದ್ಮಾಸನ ಹಾಕಲೇಬೇಕು, ಅದು ಸಾಮಾನ್ಯವಾಗಿ ನಾನೇ. ಬೆಕ್ಕನ್ನು ಕಾರಿನೊಳಗೆ ಹಾಗೇ ಬಿಟ್ಟುಕೊಂಡು ಹೋಗುವವರ ವೀಡಿಯೋ ನೋಡಿ ಆಸೆ ಪಡಬೇಡಿ. ಘಾಟಿಯಲ್ಲಿ ಅದು ಬ್ರೇಕ್ ಪೆಡಲ್ ಕೆಳಗೆ ನುಗ್ಗಿದರೆ ದೇವರೇ ಗತಿ.

ಊಟದ ಮಾತು ಬಂದರೆ, ಹೊರಡುವ ನಾಲ್ಕೈದು ಗಂಟೆ ಮುಂಚೆ ಅವಕ್ಕೆ ಊಟ ನಿಲ್ಲಿಸಿ, ನೀರು ಇರಲಿ. ಬೆಳಗಿನ ಜಾವ ಹೊರಟರೆ ಇದು ಸುಲಭ, ಬಿಸಿಲೂ ತಪ್ಪುತ್ತದೆ. ಬೋಂಡನಿಗೆ ಡಾಕ್ಟರ್ ಭಯ ತಗ್ಗಿಸೋಕೆ ಗ್ಯಾಬಪೆಂಟಿನ್ ಅನ್ನೋ ಔಷಧಿ ಬರೆದುಕೊಟ್ಟಿದ್ದಾರೆ, ಹೊರಡುವ ಎರಡು ಗಂಟೆ ಮುಂಚೆ ಕೊಡೋದು. ಡೋಸ್ ನನ್ನನ್ನು ಕೇಳಬೇಡಿ, ತೂಕ ನೋಡಿ ಅವರೇ ಹೇಳಬೇಕು. ಯಾವುದೇ ಮಾತ್ರೆಯನ್ನೂ ಒಂದು ಸಲ ಮನೆಯಲ್ಲಿ ಕೊಟ್ಟು ನೋಡಿಯೇ ದಾರಿಗೆ ಒಯ್ಯಿ. ಮನುಷ್ಯರ ವಾಂತಿ ಮಾತ್ರೆ, ನಿದ್ದೆ ಮಾತ್ರೆ ಸುಮ್ನೆ ಅರ್ಧ ಮಾಡಿ ಕೊಡೋ ಕೆಲಸ ಬೇಡವೇ ಬೇಡ, ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.

ಬೆಳ್ಳೂರು ಕ್ರಾಸಿನಲ್ಲಿ ತಿಂಡಿಗೆ ನಿಲ್ಲಿಸಿದಾಗ ನಾವು ಪಾಳಿ ಮಾಡುತ್ತೇವೆ. ಒಬ್ಬರು ಇಡ್ಲಿ ತಿನ್ನುವಾಗ ಇನ್ನೊಬ್ಬರು ಏಸಿ ಹಾಕಿಕೊಂಡು ಕಾರಲ್ಲೇ. ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಗೆ ಹತ್ತೇ ನಿಮಿಷಕ್ಕೆ ಹತ್ತು ಡಿಗ್ರಿ ಏರುತ್ತದೆ. ಕಿಟಕಿ ಎರಡು ಬೆರಳು ಇಳಿಸಿದರೆ ಏನೂ ಉಪಯೋಗ ಇಲ್ಲ. ಹೋಟೆಲಿನವರು ಪಾರ್ಸೆಲ್ ಕಟ್ಟಿಕೊಡುತ್ತಾರೆ, ಅದೇ ಒಳ್ಳೆಯದು.

ದಾರಿಯಲ್ಲಿ ಲಿಟರ್ ಟ್ರೇ (ಬೆಕ್ಕು ಕಕ್ಕಸು ಮಾಡುವ ಮರಳಿನ ತಟ್ಟೆ) ಇಟ್ಟು ಕಾಯುವ ಸಾಹಸ ಬೇಕಿಲ್ಲ, ಹೆದರಿದ ಬೆಕ್ಕು ಅದರ ಹತ್ತಿರ ಸುಳಿಯಲ್ಲ. ಆರೋಗ್ಯವಾಗಿರುವ ದೊಡ್ಡ ಬೆಕ್ಕು ಅಷ್ಟು ಹೊತ್ತು ತಡೆದುಕೊಳ್ಳುತ್ತದೆ. ಊರು ಮುಟ್ಟಿದ ಮೇಲೆ ಒಂದೇ ಕೋಣೆ, ಬಾಗಿಲು ಮುಚ್ಚಿ, ಮನೆಯಿಂದ ತಂದ ಹಳೇ ಲಿಟರ್ ಒಂದು ಹಿಡಿ ಬೆರೆಸಿದ ಟ್ರೇ, ಡಬ್ಬ ಬಾಗಿಲು ತೆಗೆದು ಪಕ್ಕದಲ್ಲಿ. ಅತ್ತೆ 'ಪುಚ್ಚೆಗಳು ಬಂದವಾ' ಅಂತ ಮೀನಿನ ತಲೆ ಹಿಡಿದು ಬಾಗಿಲಲ್ಲಿ ನಿಂತರೂ ಮೊದಲ ದಿನ ಹೊರಗೆ ಬಿಡಲ್ಲ. ಗಂಡುಬೆಕ್ಕು ಮಾರನೇ ದಿನಕ್ಕೂ ಮೂತ್ರ ಮಾಡಲಿಲ್ಲ, ಟ್ರೇಯಲ್ಲಿ ಕೂತು ತಿಣುಕುತ್ತಿದೆ ಅಂದರೆ ಪ್ರಯಾಣದ ಸುಸ್ತು ಅಂತ ಬಿಡಬೇಡಿ, ಮೂತ್ರನಾಳ ಕಟ್ಟಿರಬಹುದು, ತಕ್ಷಣ ಡಾಕ್ಟರ್.

ಕೊಳ್ಳುವ ಮುಂಚೆ ಬೆಕ್ಕನ್ನು ಅಳೆಯಿರಿ. ಒಳಗೆ ನಿಂತು ತಿರುಗೋಕೆ ಆಗಬೇಕು, ಅದಕ್ಕಿಂತ ತೀರಾ ದೊಡ್ಡದಾದರೆ ತಿರುವಿನಲ್ಲಿ ಜಾರಾಡುತ್ತದೆ. ಒಂದೇ ಡಬ್ಬದಲ್ಲಿ ಎರಡು ಬೆಕ್ಕು ಹಾಕಬೇಡಿ, ಮನೆಯಲ್ಲಿ ಎಷ್ಟೇ ದೋಸ್ತಿ ಇದ್ದರೂ. ಅಂಗಡಿಯಲ್ಲಿ ಮುಂದಿನ ಕಂಬಿ ಬಾಗಿಲನ್ನು ಹಾಕಿ, ಒಳಗಿನಿಂದ ಅಂಗೈಯಲ್ಲಿ ಜೋರಾಗಿ ತಳ್ಳಿ ನೋಡಿ, ತೆರೆದುಕೊಂಡರೆ ವಾಪಸ್ ಇಡಿ. ಚಿನ್ನಿಗೆ ಈ ಅಳತೆ ಹೇಳಿ ಮಾಡಿಸಿದಂತಿದೆ. ಬೋಂಡನಿಗೆ ಬಿಗಿ, ಅವನಿಗೆ ಒಂದು ಸೈಜ್ ದೊಡ್ಡದು ಆರ್ಡರ್ ಮಾಡಿದ್ದೇವೆ, ಈ ಸಲ ಕ್ಲಿಪ್ಪಿನ ಬದಲು ಬೋಲ್ಟು ಇರುವ ಮಾದರಿ. ಸ್ಟಾಕ್ ಇದ್ದದ್ದು ಗುಲಾಬಿ ಬಣ್ಣ ಮಾತ್ರ. ಇರಲಿ, ಬೈರಾಸು ಹೊದಿಸಿದರೆ ಕಾಣಲ್ಲ.