ಡಿಸೆಂಬರ್ ಬುಕ್ ಫೇರ್: ಅಂಗಡಿ ಅಂತ ನೋಡಿದರೆ ಸುಮಾರು, ಆದರೂ ಹೋಗಿ

ಅಮೆರಿಕದಲ್ಲಿ ಎಲಿಮೆಂಟರಿ ಸ್ಕೂಲಿಗೆ ಹೋಗುವ ಮಕ್ಕಳಿರುವ ನಮ್ಮವರಿಗೆ ಈ ರಿವ್ಯೂ. ವಿಂಟರ್ ಬ್ರೇಕ್ ಶುರುವಾಗುವ ಮುಂಚಿನ ವಾರಗಳಲ್ಲಿ ಶಾಲೆಯಿಂದ ಬರುವ ಮೆಸೇಜ್‌ಗಳು ಒಂದೆರಡಲ್ಲ. ಪೈಜಾಮ ಡೇ, ಕೋಟ್ ಡ್ರೈವ್ (ಕೋಟುಗಳನ್ನು ದಾನಕ್ಕೆ ಕೂಡಿಸುವುದು), ವಿಂಟರ್ ಕಾನ್ಸರ್ಟ್, ಕ್ಲಾಸ್ ಪಾರ್ಟಿ, ಅರ್ಲಿ ಡಿಸ್ಮಿಸಲ್, ಲಾಸ್ಟ್ ಆ್ಯಂಡ್ ಫೌಂಡ್ (ಕಳೆದುಹೋದ ಸಾಮಾನು ಇಡುವ ಮೇಜು) ನೋಡಿಕೊಂಡು ಹೋಗಿ ಅಂತ ಮೂರನೇ ನೆನಪೋಲೆ. ಇದರ ಮಧ್ಯೆ ಬುಕ್ ಫೇರ್ ಕೂಡ ಬರುತ್ತದೆ. ಕೆಲವು ಶಾಲೆಗಳಲ್ಲಿ ಅಕ್ಟೋಬರ್‌ನಲ್ಲೇ ಮುಗಿದಿರುತ್ತದೆ, ನಮ್ಮಲ್ಲಿ ಡಿಸೆಂಬರ್‌ನಲ್ಲಿ. ಹೊಸದಾಗಿ ಬಂದ ಸುಮಾರು ಮನೆಯವರು ಇದನ್ನು ಸುಮ್ನೆ ಪುಸ್ತಕ ಮಾರಾಟ ಅಂತ ತಿಳಿದು ಮಗುವಿನ ಕೈಯಲ್ಲಿ ಇಪ್ಪತ್ತು ಡಾಲರ್ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಇದು ಏನು ಅಂತ. ಹೆಚ್ಚಿನ ಶಾಲೆಗಳಲ್ಲಿ ನಡೆಯುವುದು ಸ್ಕಾಲಾಸ್ಟಿಕ್ ಕಂಪನಿಯ ಫೇರ್. 1920ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಶುರುವಾದ ಕಂಪನಿ, ಬುಕ್ ಫೇರ್ ವ್ಯವಹಾರಕ್ಕೆ ಇಳಿದದ್ದು 1981ರಲ್ಲಿ. ಚಕ್ರ ಇರುವ ದೊಡ್ಡ ಬೀರುಗಳು ಟ್ರಕ್ಕಿನಲ್ಲಿ ಬರುತ್ತವೆ. ಲೈಬ್ರರಿಯಲ್ಲೋ ಜಿಮ್ಮಿನ ಮೂಲೆಯಲ್ಲೋ ತಳ್ಳಿಕೊಂಡು ಹೋಗಿ ಬಾಗಿಲು ತೆಗೆದರೆ ಅವೇ ಪುಸ್ತಕದ ಕಪಾಟು. ಸುಮಾರು ಒಂದು ವಾರ ಇರುತ್ತದೆ. ನಡೆಸುವವರು ಕಂಪನಿಯ ಜನ ಅಲ್ಲ. ಶಾಲೆಯ ಲೈಬ್ರೇರಿಯನ್, ಪಿಟಿಎ ಅನ್ನುವ ಪೋಷಕರ ಮತ್ತು ಟೀಚರ್‌ಗಳ ಸಂಘ, ಮತ್ತೆ ವಾಲಂಟಿಯರ್ ಆಗಿ ಬರುವ ಅಪ್ಪ ಅಮ್ಮಂದಿರು. ಮಾರಾಟದ ಒಂದು ಪಾಲು ಶಾಲೆಗೆ. ಅದನ್ನು ನಗದಾಗಿ ತೆಗೆದುಕೊಳ್ಳಬಹುದು, ಇಲ್ಲವೇ ಸ್ಕಾಲಾಸ್ಟಿಕ್ ಡಾಲರ್ಸ್ ಅನ್ನುವ ಲೆಕ್ಕದಲ್ಲಿ ತೆಗೆದುಕೊಂಡು ಲೈಬ್ರರಿಗೆ ಪುಸ್ತಕ ತರಿಸಬಹುದು. ಪಿಟಿಎ ಅಂದರೆ ಏನೋ ಹೊಸ ಗುಂಪು ಅಂದುಕೊಳ್ಳಬೇಡಿ, ಆ ಸಂಸ್ಥೆ 1897ರಿಂದ ಇದೆ. ಈ ದೇಶದಲ್ಲಿ ಶಾಲೆಯ ಅರ್ಧ ಕೆಲಸ ಸಂಬಳ ಇಲ್ಲದ ಪೋಷಕರ ಬಲದ ಮೇಲೇ ನಡೆಯುತ್ತದೆ ಅನ್ನುವುದು ಬಂದ ಹೊಸದರಲ್ಲಿ ಯಾರೂ ಹೇಳುವುದಿಲ್ಲ.

ಈಗ ಮಾಲಿನ ವಿಷಯ. ಗ್ರಾಫಿಕ್ ನಾವೆಲ್‌ಗಳಿಗೆ, ಅಂದರೆ ಕಾಮಿಕ್ಸ್ ಥರ ಚಿತ್ರದಲ್ಲಿ ಕಥೆ ಹೇಳುವ ಪುಸ್ತಕಗಳಿಗೆ, ಪೂರ್ತಿ ಮಾರ್ಕು. ಎರಡನೇ ಕ್ಲಾಸಿನಿಂದ ಐದನೇ ಕ್ಲಾಸಿನವರೆಗೆ ಎಲ್ಲ ಮಕ್ಕಳೂ ಅಲ್ಲೇ ಮುತ್ತಿಕೊಂಡಿರುತ್ತಾರೆ. ಓದು ಅಂದರೆ ಮುಖ ತಿರುಗಿಸುವ ಮಗು ಕೂಡ ಅಲ್ಲಿ ನೆಲದ ಮೇಲೆ ಕೂತು ಹತ್ತು ಪುಟ ಓದಿ ಮುಗಿಸಿರುತ್ತದೆ. ಇದು ನಿಜವಾದ ಪುಸ್ತಕ ಅಲ್ಲ ಅಂತ ಮೂಗು ಮುರಿಯುವ ಪೋಷಕರು ನಮ್ಮಲ್ಲಿ ಜಾಸ್ತಿ. ಓದಲಿ ಬಿಡ್ರಿ, ಏನೋ ಒಂದು. ಶಾರ್ಕ್, ಜ್ವಾಲಾಮುಖಿ, ಗಿನ್ನೆಸ್ ದಾಖಲೆ ಥರದ ಪುಸ್ತಕಗಳೂ ಚೆನ್ನಾಗಿರುತ್ತವೆ. ಚಿಕ್ಕ ಮಕ್ಕಳ ಚಿತ್ರ ಪುಸ್ತಕಗಳಲ್ಲಿ ತೆಳು ರಟ್ಟಿನವು ಜಾಸ್ತಿ, ಅಂಗಡಿಗಿಂತ ಬೆಲೆ ಕಮ್ಮಿ, ಬಾಳಿಕೆಯೂ ಕಮ್ಮಿ. ಚಾಪ್ಟರ್ ಬುಕ್‌ಗಳಲ್ಲಿ ಆಯ್ಕೆ ಸಾಲದು, ಈಗಾಗಲೇ ಹೆಸರು ಮಾಡಿದ ಸರಣಿಗಳ ಮುಂದಿನ ಭಾಗಗಳೇ ತುಂಬಿರುತ್ತವೆ. ನಮ್ಮ ಕಡೆಯ ಕಥೆ, ನಮ್ಮಂಥ ಹೆಸರಿನ ಮಗು ಇರುವ ಪುಸ್ತಕ ಒಂದೋ ಎರಡೋ ಸಿಕ್ಕರೆ ಅದೃಷ್ಟ.

ಆ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. 2023ರಲ್ಲಿ ಸ್ಕಾಲಾಸ್ಟಿಕ್‌ನವರು ಜನಾಂಗ, ಎಲ್‌ಜಿಬಿಟಿಕ್ಯೂ ವಿಷಯದ ಹಲವು ಪುಸ್ತಕಗಳನ್ನು ಎಲಿಮೆಂಟರಿ ಫೇರ್‌ಗಳಿಗೆ ಬೇರೆ ಕಟ್ಟಾಗಿ ಮಾಡಿ, ಬೇಕಾದ ಶಾಲೆ ತರಿಸಿಕೊಳ್ಳಲಿ, ಬೇಡದವರು ಬಿಡಲಿ ಅಂತ ಇಟ್ಟಿದ್ದರು. ಕೆಲವು ರಾಜ್ಯಗಳ ಕಾನೂನುಗಳಿಂದ ಶಾಲೆಯವರಿಗೆ ತೊಂದರೆ ಆಗಬಾರದು ಅನ್ನುವುದು ಅವರು ಕೊಟ್ಟ ಕಾರಣ. ಲೇಖಕರು, ಓದುಗರು ಜೋರಾಗಿ ವಿರೋಧಿಸಿದ ಮೇಲೆ 2024ರ ಜನವರಿಯಿಂದ ಆ ಪದ್ಧತಿ ನಿಲ್ಲಿಸುವುದಾಗಿ ಹೇಳಿದರು. ಹಾಗಾಗಿ ಕಪಾಟಿನಲ್ಲಿ ಇಲ್ಲದ್ದು ಏನು ಅಂತಲೂ ಒಮ್ಮೆ ಕಣ್ಣು ಹಾಯಿಸಿ. ಬೇಕಾದ ಪುಸ್ತಕ ಇಲ್ಲದಿದ್ದರೆ ಲೈಬ್ರೇರಿಯನ್ ಹತ್ತಿರ ಕೇಳಿ, ಕೇಳಿದರೆ ಅವರಿಗೆ ಖುಷಿಯೇ ಆಗುತ್ತದೆ.

ಇನ್ನು ಬಾಗಿಲ ಹತ್ತಿರದ ಮೇಜು. ಬರೆದದ್ದು ಕಾಣದಿರುವ ಇಂಕಿನ ಪೆನ್ನು, ಹ್ಯಾಂಬರ್ಗರ್ ಆಕಾರದ ರಬ್ಬರು, ಬೀಗ ಇರುವ ಡೈರಿ, ತುದಿಯಲ್ಲಿ ಕೈಬೆರಳು ಇರುವ ಉದ್ದನೆಯ ಕಡ್ಡಿ, ಬೆಕ್ಕಿನ ಮರಿಯ ಪೋಸ್ಟರು. ಪುಸ್ತಕ ತಗೋ ಅಂತ ಕೊಟ್ಟ ದುಡ್ಡು ಇಲ್ಲೇ ಕರಗುತ್ತದೆ. ಈ ಮೇಜಿಗೆ ನನ್ನಿಂದ ಸೊನ್ನೆ. ಆ ರಬ್ಬರು ಅಳಿಸುವುದೂ ಇಲ್ಲ, ಕಾಗದದ ಮೇಲೆ ಬಣ್ಣ ಬಳಿಯುತ್ತದೆ ಅಷ್ಟೇ. ಮನೆಯಲ್ಲೇ ಮೊದಲು ಮಾತಾಡಿಕೊಳ್ಳಿ: ಎರಡು ಪುಸ್ತಕ ಆದ ಮೇಲೆ ಒಂದು ಆಟಿಕೆ, ಆ ಥರ. ಪೂರ್ತಿ ಬೇಡ ಅಂದರೆ ಮಕ್ಕಳು ಕೇಳುವುದಿಲ್ಲ, ಪಕ್ಕದವರ ಕೈಯಲ್ಲಿ ಅದೇ ಕಡ್ಡಿ ಇರುತ್ತದಲ್ವಾ.

ದುಡ್ಡಿನ ವಿಷಯದಲ್ಲಿ ಹೊಸಬರು ಎಡವುವುದು ಟ್ಯಾಕ್ಸಿನಲ್ಲಿ. ಹೆಚ್ಚಿನ ರಾಜ್ಯಗಳಲ್ಲಿ ಪುಸ್ತಕದ ಹಿಂದೆ ಇರುವ ಬೆಲೆಯ ಮೇಲೆ ಸೇಲ್ಸ್ ಟ್ಯಾಕ್ಸ್ ಬೀಳುತ್ತದೆ. ನಾನು ಕ್ಯಾಷಿಯರ್ ಆಗಿ ಕೂತಿದ್ದಾಗ ಒಂದನೇ ಕ್ಲಾಸಿನ ಹುಡುಗ ಬಂದ. ಕೈಯಲ್ಲಿ ಜಿಪ್‌ಲಾಕ್ ಚೀಲ, ಅದರ ತುಂಬ ಚಿಲ್ಲರೆ, ಮೇಲೆ ಮಾರ್ಕರ್‌ನಲ್ಲಿ ಅವನ ಹೆಸರು ಮತ್ತು ಟೀಚರ್ ಹೆಸರು. ಕ್ವಾರ್ಟರ್‌ಗಳನ್ನು (25 ಸೆಂಟಿನ ನಾಣ್ಯ) ನಾಲ್ಕು ನಾಲ್ಕಾಗಿ ಜೋಡಿಸಿ ಇಬ್ಬರೂ ಎಣಿಸಿದೆವು, ಸರಿಯಾಗಿ ಒಂಬತ್ತು ಡಾಲರ್. ಪುಸ್ತಕ 8.99. ಅವನ ಮುಖದಲ್ಲಿ ಗೆದ್ದ ಕಳೆ. ಸ್ಕ್ಯಾನ್ ಮಾಡಿದರೆ ಒಂಬತ್ತೂವರೆ ಡಾಲರ್ ಮೇಲೆ ತೋರಿಸುತ್ತಿದೆ! ಹಿಂದೆ ಸಾಲು, ಟೀಚರ್ ಗಡಿಯಾರ ನೋಡುತ್ತಿದ್ದಾರೆ. ಪಕ್ಕದಲ್ಲಿದ್ದ ಹಳೇ ವಾಲಂಟಿಯರ್ ಒಬ್ಬರು ಏನೂ ಮಾತಾಡದೆ ಮೇಜಿನ ಕೆಳಗಿದ್ದ ಡಬ್ಬಿಯಿಂದ ಎರಡು ಕ್ವಾರ್ಟರ್, ಒಂದು ನಿಕಲ್ (5 ಸೆಂಟ್) ತೆಗೆದು ಹಾಕಿದರು. ಇದಕ್ಕೇ ಅಂತ ಡಬ್ಬಿ ಇಟ್ಟಿರುತ್ತಾರಂತೆ. ಚಿಲ್ಲರೆ ವಾಪಸ್ ಬಂದ ಮಕ್ಕಳು ಅದರಲ್ಲೇ ಹಾಕಿ ಹೋಗುತ್ತಾರೆ. ಇಡೀ ಫೇರ್‌ನಲ್ಲಿ ನನಗೆ ಜಾಸ್ತಿ ಇಷ್ಟವಾದ ವ್ಯವಸ್ಥೆ ಅದೇ. ಕಂಪನಿಯ ಯಾವ ಕೈಪಿಡಿಯಲ್ಲೂ ಅದು ಇರಲಿಕ್ಕಿಲ್ಲ.

ನಗದು ಕಳಿಸೋಕೆ ಇಷ್ಟ ಇಲ್ಲದವರಿಗೆ ಇ-ವಾಲೆಟ್ ಇದೆ. ಆನ್‌ಲೈನ್‌ನಲ್ಲಿ ಮಗುವಿನ ಹೆಸರು, ಟೀಚರ್, ಗ್ರೇಡ್ ಹಾಕಿ ದುಡ್ಡು ತುಂಬಿದರೆ ಸಾಕು, ಮಗು ಬರಿಗೈಲಿ ಹೋಗಿ ಹೆಸರು ಹೇಳಿ ಪುಸ್ತಕ ತರಬಹುದು. ಚಿಕ್ಕ ಮಕ್ಕಳಿಗೆ ಇದೇ ವಾಸಿ, ನೋಟು ಕಳೆದುಕೊಳ್ಳುವ ಭಯ ಇಲ್ಲ. ಒಂದೇ ಕೊರತೆ, ಎಷ್ಟು ಉಳಿಯಿತು ಅನ್ನುವುದು ಮಗುವಿನ ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಮಕ್ಕಳಿಗೆ ಚಿಲ್ಲರೆ ನೋಟೇ ಕೊಡಿ, ಲೆಕ್ಕವಾದರೂ ಕಲಿಯಲಿ.

ನನಗೆ ಸರಿ ಬರದ ಸಂಗತಿಯೊಂದು ಇದೆ. ಶಾಲೆಯ ಹೊತ್ತಿನಲ್ಲೇ ಪ್ರತಿ ಕ್ಲಾಸನ್ನೂ ಸಾಲಾಗಿ ಕರೆತಂದು ಪುಸ್ತಕ ತೋರಿಸುತ್ತಾರೆ, ಮಕ್ಕಳು ವಿಶ್ ಲಿಸ್ಟ್ ಬರೆದುಕೊಳ್ಳುತ್ತಾರೆ, ಇನ್ನೊಂದು ದಿನ ಕೊಳ್ಳಲು ಬರುತ್ತಾರೆ. ದುಡ್ಡು ತಂದವರು ಯಾರು, ತರದವರು ಯಾರು ಅನ್ನುವುದು ಆ ಅರ್ಧ ಗಂಟೆಯಲ್ಲಿ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ. ಆರು ವರ್ಷದ ಮಗು ಮೂರು ಪುಸ್ತಕ ಬರೆದುಕೊಂಡು, ಬರಿಗೈಲಿ ಬಂದು, ಬೇರೆಯವರ ಚೀಲ ನೋಡುತ್ತ ನಿಲ್ಲುವುದು ನೋಡೋಕೆ ಆಗುವುದಿಲ್ಲ. ಇದಕ್ಕೆ ಶೇರ್ ದ ಫೇರ್ ಅಂತ ನಿಧಿ ಇದೆ, ಯಾರು ಬೇಕಾದರೂ ಹಾಕಬಹುದು, ಆ ದುಡ್ಡಿನಲ್ಲಿ ಬೇರೆ ಮಕ್ಕಳಿಗೆ ಪುಸ್ತಕ ಕೊಡುತ್ತಾರೆ. ಒಳ್ಳೆಯದೇ. ಆದರೆ ಅದು ಪ್ರತಿ ಮಗುವಿಗೂ ಮುಟ್ಟಬೇಕಾದರೆ ಯಾರೋ ಒಬ್ಬರು ಕೂತು ಪಟ್ಟಿ ಮಾಡಬೇಕು. ನಮ್ಮ ಶಾಲೆಯಲ್ಲಿ ಟೀಚರ್‌ಗಳೇ ಸದ್ದಿಲ್ಲದೆ ಹೆಸರು ಕೊಡುತ್ತಾರೆ, ಯಾರಿಗೂ ಗೊತ್ತಾಗದ ಹಾಗೆ ಮಗುವಿನ ಕೈಗೆ ಮೊದಲೇ ಒಂದು ಕೂಪನ್ ಬಂದಿರುತ್ತದೆ. ನಿಮ್ಮ ಮಗುವಿಗೆ ಇಪ್ಪತ್ತು ತುಂಬುವವರು ಅದಕ್ಕೂ ಐದು ಹಾಕಿ.

ಫೇರ್‌ನ ಅಸಲಿ ಲಾಭ ಇರುವುದು ವಾಲಂಟಿಯರ್ ಆಗಿ ಹೋಗುವುದರಲ್ಲಿ. ಇಲ್ಲಿ ಶಾಲೆಯ ಗೇಟಿನೊಳಗೆ ಸುಮ್ನೆ ಹೋಗೋಕೆ ಬಿಡುವುದಿಲ್ಲ. ಮಗುವನ್ನು ಕಾರ್ ಲೈನಿನಲ್ಲಿ ಇಳಿಸಿ, ಕಾರ್ ಲೈನಿನಲ್ಲೇ ಹತ್ತಿಸಿಕೊಂಡು ಬರುವುದು, ವರ್ಷಕ್ಕೊಮ್ಮೆಯೋ ಎರಡು ಸಲವೋ ಟೀಚರ್ ಜೊತೆ ಇಪ್ಪತ್ತು ನಿಮಿಷ ಮಾತು, ಅಷ್ಟರಲ್ಲೇ ವರ್ಷ ಕಳೆದುಹೋಗುತ್ತದೆ. ಬುಕ್ ಫೇರ್‌ಗೆ ಎರಡು ಗಂಟೆಯ ಶಿಫ್ಟ್ ಹಾಕಿಕೊಂಡರೆ ಶಾಲೆಯೊಳಗೆ ಏನು ನಡೆಯುತ್ತದೆ ಅನ್ನುವುದು ಕಣ್ಣಾರೆ ಕಾಣುತ್ತದೆ. ನಿಮ್ಮ ಮಗಳು ಯಾರ ಜೊತೆ ಕೂರುತ್ತಾಳೆ, ಟೀಚರ್ ಸಾಲು ನಿಲ್ಲಿಸುವ ರೀತಿ, ಅವಳ ಹೆಸರನ್ನು ಅವರು ಸರಿಯಾಗಿ ಕರೆಯುತ್ತಾರಾ ಇಲ್ಲವಾ, ಎಲ್ಲ. ಲೈಬ್ರೇರಿಯನ್‌ಗೆ ಪ್ರತಿ ಮಗುವಿನ ರುಚಿ ಗೊತ್ತಿರುತ್ತದೆ. ನಮ್ಮವಳು ಮನೆಯಲ್ಲಿ ಮುಟ್ಟದ ಕವಿತೆಯ ಪುಸ್ತಕವನ್ನು ಅಲ್ಲಿ ಎರಡು ಸಲ ತೆಗೆದುಕೊಂಡು ಹೋಗಿದ್ದಳು ಅಂತ ನನಗೆ ತಿಳಿದದ್ದು ಅವರಿಂದಲೇ. ಆಫೀಸಿನ ಸೆಕ್ರೆಟರಿ ಪರಿಚಯವಾದರೆ ಮುಂದೆ ಅರ್ಧ ತಲೆನೋವು ಕಮ್ಮಿ, ಇದು ಅನುಭವದ ಮಾತು. ಬೇರೆ ಪೋಷಕರ ಫೋನ್ ನಂಬರ್‌ಗಳೂ ಅಲ್ಲೇ ಸಿಗುತ್ತವೆ, ಬ್ರೇಕ್‌ನಲ್ಲಿ ಮಕ್ಕಳನ್ನು ಆಡೋಕೆ ಕರೆಯಲು ಬೇಕಾಗುತ್ತದಲ್ವಾ.

ಒಂದು ಎಚ್ಚರಿಕೆ. ಸೈನ್-ಅಪ್ ಮಾಡುವ ಮೊದಲು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ ವಾಲಂಟಿಯರ್ ಅರ್ಜಿ ನೋಡಿ. ಸುಮಾರು ಕಡೆ ಬ್ಯಾಕ್‌ಗ್ರೌಂಡ್ ಚೆಕ್ ಆಗಬೇಕು, ಅದು ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಹೋಗುವಾಗ ಡ್ರೈವಿಂಗ್ ಲೈಸೆನ್ಸ್ ಇರಲಿ. ಆಫೀಸಿನಲ್ಲಿ ಸ್ಕ್ಯಾನ್ ಮಾಡಿ ಫೋಟೊ ಇರುವ ಸ್ಟಿಕ್ಕರ್ ಕೊಡುತ್ತಾರೆ, ಅದನ್ನು ಅಂಟಿಸಿಕೊಳ್ಳದೆ ಕಾರಿಡಾರ್‌ನಲ್ಲಿ ಓಡಾಡಿದರೆ ಮೂರನೇ ಕ್ಲಾಸಿನ ಮಕ್ಕಳೇ ಹಿಡಿದು ಕೇಳುತ್ತಾರೆ!

ಹಗಲು ಹೋಗೋಕೆ ಆಗದವರಿಗೆ ಫ್ಯಾಮಿಲಿ ನೈಟ್. ನಮ್ಮಲ್ಲಿ ಕಾನ್ಸರ್ಟ್ ಇದ್ದ ಸಂಜೆಯೇ ಇಟ್ಟಿದ್ದರು. ಊರಿಂದ ಬಂದಿದ್ದ ನಮ್ಮ ಅತ್ತೆ ಒಳಗೆ ಕಾಲಿಟ್ಟು, “ಇದೇನಮ್ಮಾ, ಶಾಲೇನಾ ಸಂತೇನಾ?” ಅಂದರು. ನಿಜವೇ, ಆ ಗಲಾಟೆಯಲ್ಲಿ ಪುಸ್ತಕ ತಿರುವಿ ನೋಡುವುದು ಆಗದ ಮಾತು. ಆದರೆ ಅತ್ತೆ ಅಲ್ಲೇ ಒಂದು ಕುರ್ಚಿ ಹಿಡಿದು ಕೂತು, ಮೊಮ್ಮಗಳ ಟೀಚರ್ ಜೊತೆ ಬಂದಷ್ಟು ಇಂಗ್ಲಿಷ್‌ನಲ್ಲಿ ಕಾಲು ಗಂಟೆ ಹರಟೆ ಹೊಡೆದರು. ಆರಾಮಾಗಿ ಪುಸ್ತಕ ಆರಿಸಬೇಕು ಅಂದರೆ ಬೆಳಿಗ್ಗೆ ಬೆಲ್ಲಿಗೆ ಮುಂಚೆ ಹೋಗಿ. ವಾರದ ಕೊನೆಗೆ ಹೋದರೆ ಎಲ್ಲರೂ ಕೇಳುವ ಪುಸ್ತಕಗಳು ಖಾಲಿಯಾಗಿರುತ್ತವೆ.

ಟೀಚರ್‌ಗೆ ಹಾಲಿಡೇ ಉಡುಗೊರೆ ಏನು ಕೊಡುವುದು ಅಂತ ತಲೆ ಕೆಡಿಸಿಕೊಳ್ಳುವವರು ಅಲ್ಲಿರುವ ಕ್ಲಾಸ್‌ರೂಮ್ ವಿಶ್ ಲಿಸ್ಟ್ ನೋಡಿ. ಟೀಚರ್ ತಮ್ಮ ಕ್ಲಾಸಿಗೆ ಬೇಕಾದ ಪುಸ್ತಕಗಳನ್ನು ಆರಿಸಿ ಇಟ್ಟಿರುತ್ತಾರೆ. ಒಂದು ಕೊಂಡು ಒಳಗೆ ಮಗುವಿನ ಹೆಸರು ಬರೆದು ಕೊಟ್ಟರೆ ಇನ್ನೊಂದು ಕಾಫಿ ಮಗ್ ಕೊಡುವುದಕ್ಕಿಂತ ಎಷ್ಟೋ ವಾಸಿ. ಮಗ್ ಅವರ ಹತ್ತಿರ ಬೇಕಾದಷ್ಟಿವೆ.

ಉಳಿದ ಡಿಸೆಂಬರ್ ಸಂಗತಿಗಳು ಚುಟುಕಾಗಿ. ಲಾಸ್ಟ್ ಆ್ಯಂಡ್ ಫೌಂಡ್ ಮೇಜು ಬ್ರೇಕ್ ದಿನ ಖಾಲಿ ಮಾಡಿ ದಾನಕ್ಕೆ ಕಳಿಸುವ ರೂಢಿ ಸುಮಾರು ಶಾಲೆಗಳಲ್ಲಿದೆ, ಜಾಕೆಟ್ ಕಳೆದಿದ್ದರೆ ಇವತ್ತೇ ಹೋಗಿ. ಕ್ಲಾಸ್ ಪಾರ್ಟಿಗೆ ಮನೆ ತಿಂಡಿ ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ನಟ್ ಅಲರ್ಜಿ ಇರುವ ಮಕ್ಕಳಿರುತ್ತಾರೆ, ಅದಕ್ಕೇ ಪದಾರ್ಥಗಳ ಪಟ್ಟಿ ಇರುವ ಸೀಲ್ ಪ್ಯಾಕೆಟ್ ಕೇಳುತ್ತಾರೆ. ಕೊನೆಯ ದಿನ ಬೇಗ ಬಿಟ್ಟರೆ ಆಫ್ಟರ್ ಸ್ಕೂಲ್ ಕೇರ್ ಇದೆಯೋ ಇಲ್ಲವೋ ಮೊದಲೇ ಕೇಳಿಕೊಳ್ಳಿ.

ಊರಿಗೆ ಹೋಗುವವರು ಒಂದು ನಿಮಿಷ ನಿಂತು ಓದಿ. ಟಿಕೆಟ್ ಕಮ್ಮಿಗೆ ಸಿಗುತ್ತದೆ ಅಂತ ಬ್ರೇಕ್‌ಗೆ ವಾರ ಮೊದಲೇ ಹೊರಟು, ಸಂಕ್ರಾಂತಿ ಮುಗಿಸಿಕೊಂಡು ಬರುವವರು ನಮ್ಮಲ್ಲಿ ಜಾಸ್ತಿ. ಶಾಲೆಯ ದಿನಗಳಲ್ಲಿ ಶೇಕಡಾ 10 ತಪ್ಪಿದರೆ ಸಾಮಾನ್ಯವಾಗಿ ಅದನ್ನು ಕ್ರಾನಿಕ್ ಆಬ್ಸೆಂಟ್ ಅಂತ ಲೆಕ್ಕ ಹಾಕುತ್ತಾರೆ. 180 ದಿನದ ವರ್ಷದಲ್ಲಿ ಅದು 18 ದಿನ, ಜ್ವರ ನೆಗಡಿ ಎಲ್ಲ ಸೇರಿ. ಸತತ ಗೈರಾದರೆ ಹೆಸರು ತೆಗೆಯುವ ನಿಯಮವೂ ಕೆಲವು ಕಡೆ ಇದೆ. ಟಿಕೆಟ್ ಬುಕ್ ಮಾಡುವ ಮೊದಲೇ ಆಫೀಸಿಗೆ ಬರೆದು ತಿಳಿಸಿ, ಇಂಡಿಪೆಂಡೆಂಟ್ ಸ್ಟಡಿ (ಶಾಲೆಗೆ ಬಾರದ ದಿನಗಳಲ್ಲಿ ಮಗು ತಾನೇ ಮಾಡುವ ಪಾಠ) ಕೊಡುತ್ತಾರಾ ಅಂತ ಕೇಳಿ.

ಸ್ಟಾರ್ ಕೊಡಲೇಬೇಕು ಅಂದರೆ ಪುಸ್ತಕಗಳಿಗೆ ಐದಕ್ಕೆ ಮೂರು, ಆಟಿಕೆ ಮೇಜಿಗೆ ಆಗಲೇ ಹೇಳಿದೆ, ಶಿಫ್ಟ್‌ಗೆ ಐದಕ್ಕೆ ಐದು. ಕೆಲವು ಶಾಲೆಗಳಲ್ಲಿ ವಸಂತಕ್ಕೆ ಒಂದು ಕೊಂಡರೆ ಒಂದು ಉಚಿತ ಅನ್ನುವ ಫೇರ್ ಇರುತ್ತದೆ, ನಿಮ್ಮಲ್ಲೂ ಇದೆಯಾ ಅಂತ ಪಿಟಿಎಯವರನ್ನು ಕೇಳಿ, ಇದ್ದರೆ ಈಗಲೇ ಎಲ್ಲ ಕೊಳ್ಳಬೇಕಾಗಿಲ್ಲ. ಬಿಟ್ಟ ಪುಸ್ತಕಗಳ ಮುಖಪುಟದ ಫೋಟೊ ಹೊಡೆದುಕೊಂಡು ಬಂದು ಪಬ್ಲಿಕ್ ಲೈಬ್ರರಿಯಲ್ಲಿ ಹೋಲ್ಡ್ ಹಾಕಿ, ಅಂದರೆ ನಿಮ್ಮ ಹೆಸರಿಗೆ ಕಾಯ್ದಿರಿಸಿ. ಊರಿಗೆ ಹೋಗದ ಮಕ್ಕಳಿಗೆ ಬ್ರೇಕ್‌ನಲ್ಲಿ ಓದೋಕೆ ಅಷ್ಟು ಸಾಕು.