900 ರೂಪಾಯಿಗೆ ಫ್ರೆಂಚ್ ವೈನ್ ಅಂದ್ರೆ ನಂಬಬೇಡಿ

ಬರೆಯೋಕೇ ನಾಚಿಕೆ. ಆದರೂ ಬರೆಯುತ್ತಿದ್ದೇನೆ. 5,400 ರೂಪಾಯಿ ಹೋಯಿತು, ಅದಕ್ಕಿಂತ ಜಾಸ್ತಿ ಮರ್ಯಾದೆ ಹೋಯಿತು.

ಇದು 2023ರ ಮಾತು. ಆಗ ಬೆಂಗಳೂರಿನ ಐಟಿಯವರ ಕಥೆ ಗೊತ್ತಲ್ಲ. ದಿನಾ ಲೇಆಫ್ ಸುದ್ದಿ. ನನ್ನ ಕೆಲಸ ಉಳಿಯಿತು, ಆದರೆ ಹೈಕ್ ಇಲ್ಲ, ಬೋನಸ್ ಇಲ್ಲ. ಮದುವೆಯಾಗಿ ಹತ್ತು ವರ್ಷ ಆಯಿತು, ಹೋಟೆಲ್ ಬೇಡ, ಮನೆಗೇ ನಾಲ್ಕು ಜನರನ್ನು ಕರೆಯೋಣ, ಒಂದು ಒಳ್ಳೇ ವೈನ್ ತರೋಣ ಅಂದುಕೊಂಡೆವು. ಆಗಲೇ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂತು. "ಡ್ಯೂಟಿ ಫ್ರೀ ಸ್ಟಾಕ್. ಬೋರ್ಡೊ, 2011. ಬಾಟಲಿಗೆ 900. ಆರರ ಕೇಸ್ ಮಾತ್ರ." ಬೋರ್ಡೊ ಅಂದ್ರೆ ಫ್ರಾನ್ಸಿನ ಹೆಸರಾಂತ ವೈನ್ ಸೀಮೆ, 2011 ಅಂದ್ರೆ ದ್ರಾಕ್ಷಿ ಕೊಯ್ದ ಇಸವಿ.

ಫೋನ್ ಮಾಡಿದೆ. ಮಾತು ಬೆಣ್ಣೆ. "ಒಂದು ಹೋಟೆಲ್ ಮುಚ್ತಿದೆ ಸರ್, ಟೈಮ್ ಸರಿಯಿಲ್ಲ ಅಲ್ವಾ, ಅವರಿಗೆ ಕ್ಯಾಶ್ ಬೇಕು. ಕೊನೆಯ 12 ಕೇಸ್." ಡ್ಯೂಟಿ ಫ್ರೀ ಅಂದಿದ್ದು ಹೋಟೆಲ್ ಹೇಗಾಯಿತು ಅಂತ ಕೇಳಬೇಕಿತ್ತು. ಕೇಳಲಿಲ್ಲ. ದುಡ್ಡು ಹಾಕಿಬಿಟ್ಟೆ. ಸ್ಕೂಟರಲ್ಲಿ ಒಬ್ಬ ಹುಡುಗ ಬಂದು ಬೇಸ್‌ಮೆಂಟಲ್ಲಿ ಡಬ್ಬ ಇಟ್ಟು ಹೋದ. ಬಿಲ್ ಇಲ್ಲ.

ಆ ಶನಿವಾರ ಎಲ್ಲರ ಮುಂದೆ ಅರ್ಧ ಗಂಟೆ ಕೊಚ್ಚಿಕೊಂಡು ಬಾಟಲಿ ತೆಗೆದೆ. ಮೇಲಿನ ಹಾಳೆ ಸುಲಿದರೆ ಕಾರ್ಕ್ ಒಂದು ಕೂದಲೆಳೆ ಮೇಲೆದ್ದಿದೆ, ಪಕ್ಕದಲ್ಲಿ ಅಂಟಂಟು ಗೆರೆ. ಬಿಸಿಲಲ್ಲಿ, ಸೆಕೆಯಲ್ಲಿ ಬಿದ್ದಿದ್ದ ವೈನ್ ಹೀಗೆ ಉಕ್ಕುತ್ತೆ ಅಂತ ಆಮೇಲೆ ತಿಳಿಯಿತು. ಸ್ಕ್ರೂ ಹಾಕಿದ ಕೂಡಲೇ ಕಾರ್ಕ್ ರಸ್ಕಿನ ಹಾಗೆ ಪುಡಿ. ಗ್ಲಾಸಿಗೆ ಸುರಿದರೆ ಕೆಂಪೇ ಇಲ್ಲ, ಅಂಚಿನಲ್ಲಿ ಡಿಕಾಕ್ಷನ್ ಬಣ್ಣ. ವಾಸನೆ ಒದ್ದೆ ಗೋಣಿಚೀಲಕ್ಕೆ ವಿನೆಗರ್ ಹಾಕಿದ ಹಾಗೆ.

ನಮ್ಮ ಭಾವ ಒಂದು ಗುಟುಕು ನುಂಗಿ, ಪಾಪ, "ಫ್ರೆಂಚ್ ಅಲ್ವಾ, ಹೀಗೇ ಇರುತ್ತೇನೋ" ಅಂದರು. ಆ ಮಾತು ಇನ್ನೂ ಚುಚ್ಚುತ್ತಿದೆ. ಬೈದಿದ್ದರೇ ಚೆನ್ನಾಗಿತ್ತು. ಎರಡನೇ ಬಾಟಲಿಯೂ ಅದೇ. ಹೆಂಡತಿ ಸುಮ್ನೆ ಎದ್ದು ಹೋಗಿ ಮಜ್ಜಿಗೆ ತಂದಳು.

ಈಗ ವೈನ್ ಮಾರಿದವನ ಉತ್ತರಗಳನ್ನು ಕೇಳಿ.

"ಹಳೇ ವೈನ್ ಹೀಗೇ ಸರ್. ನಿಮಗೆ ಟೇಸ್ಟ್ ಡೆವಲಪ್ ಆಗಿಲ್ಲ."

ನನಗೆ!

"ಜಗ್ಗಿಗೆ ಹಾಕಿ ಎರಡು ಗಂಟೆ ಬಿಡಿ." ಬಿಟ್ಟೆ ಕೂಡ. ನೊಣ ಬಂತು, ರುಚಿ ಬರಲಿಲ್ಲ.

ದುಡ್ಡು ವಾಪಸ್ ಕೇಳಿದರೆ "ಬಿಲ್ ಕಳಿಸಿ ಸರ್." ಬಿಲ್ಲಂತೆ! ಕೊನೆಗೆ, "ಅಬಕಾರಿಯವರಿಗೆ ಹೇಳಿ ಸರ್. ಬಾಟಲಿ ಇರೋದು ನಿಮ್ಮ ಮನೇಲಿ." ಆಮೇಲೆ ಬ್ಲಾಕ್. ಅವನ ವ್ಯಾಪಾರ ನಿಂತಿರುವುದೇ ಇದರ ಮೇಲೆ. ಕದ್ದು ತಗೊಂಡವನು ಯಾರ ಹತ್ತಿರ ಹೋಗಿ ಅಳ್ತಾನೆ?

ಮೊದಲೇ ಮಾಡಬೇಕಿದ್ದ ಲೆಕ್ಕ ಆಮೇಲೆ ಮಾಡಿದೆ. ವಿದೇಶದಿಂದ ಬರುವವರು ಸುಂಕವಿಲ್ಲದೆ ತರಬಹುದಾದ ಮದ್ಯ ತಲೆಗೆ 2 ಲೀಟರ್. ಅಂದ್ರೆ 750 ಮಿಲಿಯ ಬಾಟಲಿ ಎರಡೇ. 12 ಕೇಸಿಗೆ 36 ಜನ ವಿಮಾನ ಇಳಿಯಬೇಕು! ಸುಂಕ ಕಟ್ಟಿ ತಂದದ್ದು ಅಂದರೆ, 2023ರಲ್ಲಿ ಫ್ರೆಂಚ್ ವೈನ್ ಮೇಲೆ 150% ಇತ್ತು. ಅಲ್ಲಿ 500 ರೂಪಾಯಿಯ ಬಾಟಲಿ ಇಲ್ಲಿಗೆ ಬರುವಾಗಲೇ 1,250, ಅದರ ಮೇಲೆ ರಾಜ್ಯದ ತೆರಿಗೆ. 900ಕ್ಕೆ ಎಲ್ಲಿಂದ ಬರುತ್ತೆ? ಹಳೆಯದಾದಷ್ಟೂ ರುಚಿ ಅನ್ನೋದೂ ಎಲ್ಲ ವೈನಿಗೆ ನಡೆಯೋ ಮಾತಲ್ಲ. ಅಗ್ಗದ ಬೋರ್ಡೊ ನಾಲ್ಕೈದು ವರ್ಷದೊಳಗೆ ಕುಡಿದು ಮುಗಿಸೋ ಮಾಲು. ಅದನ್ನು ಹನ್ನೆರಡು ವರ್ಷ ಯಾವ ಗೋಡೌನಲ್ಲಿ ಹುರಿದಿದ್ದರೋ.

ಕೈ ಬಿಗಿ ಇದ್ದರೆ ಲೈಸೆನ್ಸ್ ಇರೋ ಅಂಗಡಿಯಲ್ಲಿ ನಂದಿ ಬೆಟ್ಟದ ಕಡೆಯ ವೈನ್ ತಗೊಳ್ಳಿ. ಆಮದು ಸುಂಕದ ಗೋಳಿಲ್ಲ. ಅಬಕಾರಿ ಲೇಬಲ್ ನೋಡಿ, ಇಸವಿ ನೋಡಿ, ಬಿಲ್ ಇಸ್ಕೊಳ್ಳಿ. ಇಷ್ಟು ಮಾಡಿದ್ದರೆ ನನಗೆ ಈ ಗತಿ ಬರ್ತಿರಲಿಲ್ಲ.

ಮುಂದಿನ ವಾರವೇ ಆಫೀಸಿನ ಗೆಳೆಯನೊಬ್ಬ ಒಂದು ಮೆಸೇಜ್ ಕಳಿಸಿ, ತಗೊಳ್ಳೋಣವಾ ಅಂತ ಕೇಳಿದ. ಅದೇ ನಂಬರ್. ಅದೇ ಬೋರ್ಡೊ. "ಕೊನೆಯ 12 ಕೇಸ್."